ಗಣಕಕ್ಕೇರಿದ ದಾಖಲೆ, ಊರಲ್ಲುಳಿದ ನೆನಪು: ಬ್ರಿಟನ್ನಿನ ವಾಹನ ನೋಂದಣಿಯ ಒಂದು ಅವಲೋಕನ

ಮೌಖಿಕ ಮತ್ತು ಲಿಖಿತ ಪರಂಪರೆಗಳ ಸಂಬಂಧವನ್ನು ಕುರಿತು ಜಾನಪದ ಅಧ್ಯಯನವು ವಿಸ್ತಾರವಾಗಿ ಚರ್ಚಿಸಿದೆ. ಆದರೆ ಬರಹವು ಗಣಕಕ್ಕೆ ವರ್ಗಾವಣೆಗೊಳ್ಳುವಾಗ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆಯತ್ತ ಹರಿದ ಗಮನ ಕಡಿಮೆ. ಸರಕಾರಿ ದಾಖಲೆಗಳ ಗಣಕೀಕರಣವನ್ನು ಆಡಳಿತ ಸುಧಾರಣೆಯೆಂದಷ್ಟೇ ಪರಿಗಣಿಸುವುದು ರೂಢಿ. ವಾಸ್ತವವಾಗಿ ಅದು ಹೆಸರು, ಊರು ಮತ್ತು ಸಾಕ್ಷ್ಯಗಳನ್ನು ಕುರಿತ ಸಮುದಾಯದ ತಿಳಿವಳಿಕೆಯನ್ನೂ ಬದಲಿಸುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ನಡೆದ ವಾಹನ ಹಾಗೂ ಚಾಲಕರ ದಾಖಲೆಗಳ ಗಣಕೀಕರಣವು ಇದಕ್ಕೊಂದು ನಿದರ್ಶನ.

1903ರ ಮೋಟಾರು ಕಾರು ಕಾಯಿದೆಯು 1904ರ ಜನವರಿ 1ರಿಂದ ಜಾರಿಗೆ ಬಂದಿತು. ವಾಹನ ನೋಂದಣಿ ಹಾಗೂ ಚಾಲನಾ ಪರವಾನಗಿಯ ಹೊಣೆಯನ್ನು ಅದು ಸ್ಥಳೀಯ ಆಡಳಿತ ಸಂಸ್ಥೆಗಳಿಗೆ ವಹಿಸಿತು. ಪ್ರತಿಯೊಂದು ಸಂಸ್ಥೆಗೂ ಪ್ರತ್ಯೇಕ ಅಕ್ಷರಸಂಕೇತವಿತ್ತು. ‘ಎ’ ಲಂಡನ್ನಿಗೆ, ‘ಬಿ’ ಲಂಕಾಶೈರಿಗೆ, ‘ಡಿ’ ಕೆಂಟಿಗೆ ಸಂದವು. ಫಲಕದ ಅಕ್ಷರ ಬಲ್ಲವರು ವಾಹನವು ಮೊದಲು ನೋಂದಣಿಯಾದ ಸೀಮೆಯನ್ನು ಹೇಳಬಲ್ಲವರಾಗಿದ್ದರು. ಅದರ ವಿವರಗಳು ಆಯಾ ಸಂಸ್ಥೆಯ ಕಚೇರಿಯ ಪುಸ್ತಕಗಳಲ್ಲಿರುತ್ತಿದ್ದವು. ವಾಹನಗಳ ಸಂಖ್ಯೆ ಬೆಳೆದಂತೆ ಹಲವೆಡೆ ಹಂಚಿಹೋಗಿದ್ದ ಈ ಕಾಗದದ ವ್ಯವಸ್ಥೆ ಸಾಲದಾಯಿತು. 1965ರಲ್ಲಿ ಕೇಂದ್ರೀಕೃತ ಗಣಕ ದಾಖಲೆಯನ್ನು ಸ್ಥಾಪಿಸುವ ತೀರ್ಮಾನವಾಯಿತು. ವೇಲ್ಸಿನ ಸ್ವಾನ್ಸಿ ನಗರ ಅದರ ನೆಲೆಯಾಯಿತು. 1973ರಿಂದ ಚಾಲನಾ ಪರವಾನಗಿಗಳೂ 1974ರಿಂದ ಹೊಸ ವಾಹನಗಳ ನೋಂದಣಿಯೂ ಸ್ವಾನ್ಸಿಯ ಗಣಕ ವ್ಯವಸ್ಥೆಗೆ ಒಳಪಟ್ಟವು.

ಈ ಬದಲಾವಣೆಯ ಪರಿಣಾಮವನ್ನು ಮೊದಲಿಗೆ ಹೆಸರುಗಳಲ್ಲಿ ಗುರುತಿಸಬಹುದು. ವೇಲ್ಸಿನ ಹಳೆಯ ನಾಮಪದ್ಧತಿಯಲ್ಲಿ ‘ಆಪ್’ ಎಂದರೆ ಮಗ. ‘ಆಪ್ ರೀಸ್’ ಕ್ರಮೇಣ ‘ಪ್ರೈಸ್’ ಆಯಿತು, ‘ಆಪ್ ಹವೆಲ್’ ‘ಪೊವೆಲ್’ ಆಯಿತು. ಕುಲನಾಮಗಳು ನೆಲೆಗೊಂಡ ಮೇಲೆ ಜೋನ್ಸ್, ಡೇವೀಸ್, ಇವಾನ್ಸ್ ಮುಂತಾದ ಕೆಲವೇ ಹೆಸರುಗಳು ಊರೂರುಗಳಲ್ಲಿ ತುಂಬಿಕೊಂಡವು. ಹೀಗಾಗಿ ಒಂದೇ ಹೆಸರಿನವರನ್ನು ಬೇರ್ಪಡಿಸಲು ಜನರು ಕಸುಬನ್ನು ಆಶ್ರಯಿಸಿದರು. ಹಾಲು ಮಾರುವವನು ‘ಹಾಲಿನ ಜೋನ್ಸ್’ ಎನಿಸಿದನು. ಈ ಗುರುತಿಗೆ ಊರವರ ಪರಸ್ಪರ ಪರಿಚಯವೇ ಆಧಾರ.

ಗಣಕಕ್ಕೆ ಅಂಥ ಪರಿಚಯವಿಲ್ಲ. ಆದ್ದರಿಂದ ಅದು ಬೇರೆ ಉಪಾಯವನ್ನು ಅವಲಂಬಿಸಿತು. ಸ್ವಾನ್ಸಿಯ ಚಾಲಕ ಸಂಖ್ಯೆಯಲ್ಲಿ ಹದಿನಾರು ಸ್ಥಾನಗಳಿವೆ. ಮೊದಲ ಐದು ಸ್ಥಾನಗಳು ಕುಲನಾಮದವು. ಹೆಸರಿನಲ್ಲಿ ಐದಕ್ಕಿಂತ ಕಡಿಮೆ ಅಕ್ಷರಗಳಿದ್ದರೆ ಉಳಿದ ಜಾಗವನ್ನು 9ರಿಂದ ತುಂಬಲಾಗುತ್ತದೆ, ಹೆಚ್ಚಿದ್ದರೆ ಉಳಿದುದನ್ನು ಕೈಬಿಡಲಾಗುತ್ತದೆ. ಮುಂದಿನ ಆರು ಅಂಕಿಗಳು ಜನ್ಮದಿನಾಂಕವನ್ನು ಸೂಚಿಸುತ್ತವೆ. ಹೆಂಗಸರ ವಿಷಯದಲ್ಲಿ ತಿಂಗಳಿನ ಮೊದಲ ಅಂಕಿಗೆ 5ನ್ನು ಕೂಡಿಸಲಾಗುತ್ತದೆ. ಹಾಗಾಗಿ ಜುಲೈ ತಿಂಗಳು 07ರ ಬದಲು 57 ಆಗುತ್ತದೆ. ಸ್ಕಾಟ್ ಮತ್ತು ಐರಿಷ್ ಹೆಸರುಗಳ ಮೊದಲಲ್ಲಿ ಬರುವ, ಮಗ ಎಂಬರ್ಥದ ‘ಮ್ಯಾಕ್’ ಶಬ್ದವನ್ನು ಪೂರ್ಣವಾಗಿ ಬರೆದಿದ್ದರೂ ಸಂಕ್ಷೇಪಿಸಿದ್ದರೂ ಸಂಕೇತದಲ್ಲಿ ಅದಕ್ಕೆ ಸಂಕ್ಷಿಪ್ತ ರೂಪವೊಂದೇ. ಮನೆತನಗಳು ಕಾಪಾಡಿಕೊಂಡ ಕಾಗುಣಿತದ ಭೇದಕ್ಕೆ ಇಲ್ಲಿ ಅವಕಾಶವಿಲ್ಲ.

ಎರಡನೆಯ ಪರಿಣಾಮ ಇನ್ನೂ ಗಂಭೀರವಾದುದು. ಹಳೆಯ ವಾಹನಗಳ ವಿವರಗಳನ್ನು ಗಣಕಕ್ಕೆ ಸೇರಿಸಲು 1983ರ ನವೆಂಬರ್ 30 ಕೊನೆಯ ದಿನವಾಯಿತು. ಅಂದಿಗೆ ಗಣಕವನ್ನು ಸೇರದ ನೋಂದಣಿ ಸಂಖ್ಯೆಗಳು ಮಾನ್ಯತೆಯನ್ನು ಕಳೆದುಕೊಂಡವು. ಕೊಟ್ಟಿಗೆಗಳಲ್ಲಿ ಓಡದೆ ನಿಂತಿದ್ದ ಬಂಡಿಗಳಿಗೆ ಫಲಕವಿದ್ದರೂ ಸರಕಾರದ ಲೆಕ್ಕದಲ್ಲಿ ಸಂಖ್ಯೆ ಇಲ್ಲವಾಯಿತು. ಇತ್ತ ಸ್ಥಳೀಯ ಕಚೇರಿಗಳ ಪುಸ್ತಕಗಳೂ ಅನುಪಯುಕ್ತವೆನಿಸಿದವು. ಎಷ್ಟೋ ಪುಸ್ತಕಗಳು ನಾಶವಾದವು, ಕೆಲವು ಕೌಂಟಿ ಪತ್ರಾಗಾರಗಳನ್ನು ಸೇರಿದವು. ಡ್ರಾಯ್ಟ್‌ವಿಚ್‌ನ ಕಿಟ್‌ಹೆಡ್ ಟ್ರಸ್ಟ್ ಇಂತಹ ದಾಖಲೆಗಳನ್ನು ಸಂಗ್ರಹಿಸಿ ಉಳಿಸಿದೆ.

ಕೈಬಿಟ್ಟ ಈ ಸಾಮಗ್ರಿಗೆ ಮುಂದೆ ಮತ್ತೆ ಬೆಲೆ ಬಂದುದು ಗಮನಾರ್ಹ. ಹಳೆಯ ಸಂಖ್ಯೆಯನ್ನು ಮರಳಿ ಪಡೆಯಲು ‘ವಿ 765’ ಎಂಬ ಅರ್ಜಿಯ ವ್ಯವಸ್ಥೆ ರೂಪುಗೊಂಡಿತು. ಹಳೆಯ ನೋಂದಣಿ ಪುಸ್ತಿಕೆ, ಪತ್ರಾಗಾರದ ಪ್ರತಿ ಮೊದಲಾದ ಲಿಖಿತ ಆಧಾರಗಳನ್ನು ಒದಗಿಸಿದಾಗ ಮಾನ್ಯತೆ ಪಡೆದ ವಾಹನಪ್ರಿಯರ ಸಂಘವು ಅದನ್ನು ಪರಿಶೀಲಿಸಿ ದೃಢೀಕರಿಸುತ್ತದೆ. ಅಂದರೆ ಗಣಕದಲ್ಲಿಲ್ಲದ ವಿಷಯಕ್ಕೆ ಸರಕಾರವು ಕಾಗದವನ್ನೂ ಬಲ್ಲವರ ಸಮುದಾಯವನ್ನೂ ಮರಳಿ ಆಶ್ರಯಿಸಬೇಕಾಯಿತು. ಊರಿನ ಗುರುತೂ ಪೂರ್ತಿಯಾಗಿ ಅಳಿಯಲಿಲ್ಲ. 2001ರಲ್ಲಿ ಬಂದ ಹೊಸ ಫಲಕಗಳಲ್ಲಿ ವೇಲ್ಸಿನ ವಾಹನಗಳಿಗೆ, ಆ ನಾಡಿನ ಸ್ವಂತ ಹೆಸರಾದ ‘ಕಮ್ರಿ’ಯ ಮೊದಲಕ್ಷರ ‘ಸಿ’ಯನ್ನು ನೀಡಲಾಯಿತು.

ಈ ಅನುಭವ ಕನ್ನಡ ನಾಡಿಗೂ ಪ್ರಸ್ತುತ. ‘ವಾಹನ್’ ಮತ್ತು ‘ಸಾರಥಿ’ ತಂತ್ರಾಂಶಗಳು ಬಂದ ಮೇಲೆ ಪುಸ್ತಿಕೆಯ ರೂಪದ ಹಳೆಯ ಪರವಾನಗಿಗಳ ವಿವರಗಳನ್ನು ಸಾರಿಗೆ ಕಚೇರಿಗಳಲ್ಲಿ ಹೊಸದಾಗಿ ಗಣಕಕ್ಕೆ ಸೇರಿಸಬೇಕಾಯಿತು. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಮೊದಲಕ್ಷರಗಳಾಗಿ ಧರಿಸುವವರಿಗೆ ಕುಲನಾಮವನ್ನು ಕೇಳುವ ಅರ್ಜಿಯು ತೊಡಕಾಗುವುದು ಸಹಜ. ಆದುದರಿಂದ ಗಣಕಕ್ಕೇರಿಸಿದ ಮಾತ್ರಕ್ಕೆ ಮೂಲ ಪುಸ್ತಕಗಳನ್ನು ವಿಲೇವಾರಿ ಮಾಡುವುದು ಸಲ್ಲದು. ಅವುಗಳಲ್ಲಿ ಜನರು ತಮ್ಮ ಹೆಸರನ್ನು ಬರೆಸಿದ ರೀತಿ, ಊರನ್ನು ಹೇಳಿದ ರೀತಿ ಉಳಿದಿರುತ್ತದೆ. ಅವನ್ನು ಪತ್ರಾಗಾರಗಳಿಗೆ ಸೇರಿಸುವುದೂ, ಬರೆದ ಗುಮಾಸ್ತರಿಂದ ಹಾಗೂ ಹಿರಿಯ ಚಾಲಕರಿಂದ ಮಾಹಿತಿಯನ್ನು ಸಂಗ್ರಹಿಸುವುದೂ ಜಾನಪದ ಕ್ಷೇತ್ರಕಾರ್ಯದ ಭಾಗವಾಗಬೇಕಾಗಿದೆ.