ವೀಲರ್ ಭವನದಲ್ಲಿ ಮೇಷ್ಟರ ಸಭೆ

1964ರ ಡಿಸೆಂಬರ್ 8, ಮಂಗಳವಾರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಪ್ರಾಧ್ಯಾಪಕರೆಲ್ಲ ವೀಲರ್ ಭವನದತ್ತ ನಡೆದಿದ್ದಾರೆ. ಅಧ್ಯಾಪಕರ ಸಭೆ ಎಂದರೆ ಯಾವ ಊರಲ್ಲಾದರೂ ಅಷ್ಟೇ: ಹಿಂದಿನ ಸಭೆಯ ನಡಾವಳಿ, ಉಪಸಮಿತಿಯ ವರದಿ, ಒಂದೆರಡು ಆಕಳಿಕೆ. ಇವತ್ತು ಹಾಗಿಲ್ಲ. ಒಳಗೆ ಸಾವಿರಕ್ಕೂ ಮಿಕ್ಕಿದ ಮೇಷ್ಟರು. ಹೊರಗೆ ಧ್ವನಿವರ್ಧಕಕ್ಕೆ ಕಿವಿಗೊಟ್ಟ ಸಾವಿರಾರು ವಿದ್ಯಾರ್ಥಿಗಳು. ಪರೀಕ್ಷೆಗೆ ಕೂತವರು ಇವತ್ತು ಮೇಷ್ಟರು. ಫಲಿತಾಂಶಕ್ಕೆ ಕಾದವರು ಹುಡುಗರು.

ಭವನದ ಹೆಸರಿನಲ್ಲೇ ಒಂದು ತಮಾಷೆ ಇದೆ. ಬೆಂಜಮಿನ್ ಐಡ್ ವೀಲರ್ 1899ರಿಂದ 1919ರವರೆಗೆ ಇಲ್ಲಿ ಅಧ್ಯಕ್ಷ. ಗ್ರೀಕ್ ವಿದ್ವಾಂಸ; ಕುದುರೆಯೇರಿ ಆವರಣ ಸುತ್ತುತ್ತಿದ್ದ ಮನುಷ್ಯ. ಆಡಳಿತ ಮಂಡಳಿಯಾದ ರೀಜೆಂಟರಿಗೂ ಅಧ್ಯಾಪಕರಿಗೂ ನಡುವಿನ ಮಾತೆಲ್ಲ ತನ್ನ ಮೂಲಕವೇ ಹಾಯಬೇಕು ಎಂಬ ಷರತ್ತು ಹಾಕಿಯೇ ಕುರ್ಚಿಗೆ ಬಂದವರು. ಅಧ್ಯಾಪಕರ ಸಭೆಯಾದ ಅಕಾಡೆಮಿಕ್ ಸೆನೆಟ್ 1868ರ ಸ್ಥಾಪನಾ ಕಾಯ್ದೆಯಲ್ಲೇ ಇತ್ತು, ಆದರೆ ಅದರ ಸಮಿತಿಗಳನ್ನು ನೇಮಿಸುತ್ತಿದ್ದವರು ಅಧ್ಯಕ್ಷರು. ವೀಲರ್ ನಿವೃತ್ತರಾದದ್ದೇ ತಡ, ಮೇಷ್ಟರು ತಿರುಗಿಬಿದ್ದರು. 1920ರಲ್ಲಿ ರೀಜೆಂಟರು ಮಣಿದರು. ಸಮಿತಿಗಳನ್ನು ಸೆನೆಟ್ಟೇ ಆರಿಸಿಕೊಳ್ಳಬಹುದು. ನೇಮಕ, ಬಡ್ತಿ, ವಜಾ ಮಾಡುವಾಗ ಅಧ್ಯಕ್ಷರು ಅದರ ಸಲಹೆ ಕೇಳಬೇಕು. ಸಮಿತಿಗಳನ್ನು ಆರಿಸಲು ಇನ್ನೊಂದು ಸಮಿತಿಯೂ ಹುಟ್ಟಿತು. ಮೇಷ್ಟರ ಕ್ರಾಂತಿಯಲ್ಲಿ ಇನ್ನೇನು ಹುಟ್ಟೀತು!

ಆದರೆ ಸಲಹೆ ಸಲಹೆಯೇ. 1950ರಲ್ಲಿ, ಕಮ್ಯುನಿಸ್ಟ್ ವಿರೋಧಿ ಪ್ರಮಾಣಕ್ಕೆ ಸಹಿ ಹಾಕದ 31 ಅಧ್ಯಾಪಕರನ್ನು ಉಳಿಸಿಕೊಳ್ಳಿ ಎಂದು ಸೆನೆಟ್ಟಿನ ಸಮಿತಿ ಹೇಳಿತ್ತು. ರೀಜೆಂಟರು ಮನೆಗೆ ಕಳಿಸಿದರು. ವಜಾ ಆದವರ ಪರ ತೀರ್ಪು ಬಂದದ್ದು 1952ರಲ್ಲಿ, ರಾಜ್ಯದ ಸುಪ್ರೀಂ ಕೋರ್ಟಿನಿಂದ.

ಈಗಿನ ಜಗಳ ಆವರಣದಲ್ಲಿ ರಾಜಕೀಯ ಮಾತಾಡುವುದರದು. ಸ್ಪ್ರೌಲ್ ಭವನದಲ್ಲಿ ಧರಣಿ ಕೂತ ಸುಮಾರು 800 ಮಂದಿಯನ್ನು ಪೊಲೀಸರು ಡಿಸೆಂಬರ್ 3ರಂದು ಎಳೆದೊಯ್ದಿದ್ದರು. ನಿನ್ನೆ ಬಯಲು ರಂಗಮಂದಿರದಲ್ಲಿ ಅಧ್ಯಕ್ಷ ಕ್ಲಾರ್ಕ್ ಕೆರ್ ಸಂಧಾನದ ಮಾತಾಡಿದ ಮೇಲೆ, ಮೈಕಿನತ್ತ ಹೋದ ವಿದ್ಯಾರ್ಥಿ ನಾಯಕ ಮಾರಿಯೊ ಸಾವಿಯೊನನ್ನು ಪೊಲೀಸರು ಎಲ್ಲರ ಕಣ್ಣೆದುರೇ ಹಿಡಿದೆಳೆದಿದ್ದರು. ಅದನ್ನು ಕಂಡ ಮೇಷ್ಟರೇ ಇವತ್ತು ಈ ಕುರ್ಚಿಗಳಲ್ಲಿ.

ನಿರ್ಣಯದ ತಿರುಳು ಇಷ್ಟು: ಹೊತ್ತು, ಜಾಗ, ರೀತಿಗೆ ವಿಶ್ವವಿದ್ಯಾಲಯ ನಿಯಮ ಮಾಡಲಿ, ಏನು ಮಾತಾಡಬೇಕೆಂಬುದಕ್ಕೆ ಬೇಡ. ತತ್ತ್ವಶಾಸ್ತ್ರದ ಲೂಯಿಸ್ ಫಾಯರ್‌ಗೆ ಅಳುಕು. ಹಿಂಸೆಗೆ ಪ್ರಚೋದಿಸುವ ಮಾತಿಗೂ ರಕ್ಷಣೆಯೇ? ಅವರೊಂದು ತಿದ್ದುಪಡಿ ತಂದರು. ಅಳುಕು ಹುಸಿಯದೇನಲ್ಲ, 284 ಮಂದಿ ಜೊತೆಗೆ ನಿಂತರು. ವಿರುದ್ಧ 737. ಡಿಸೆಂಬರಿನ ಮೋಟು ಹಗಲು ಕರಗುತ್ತ ಬಂದಿತ್ತು. ಕೊನೆಗೆ ಮೂಲ ನಿರ್ಣಯಕ್ಕೆ ಮತ: ಪರ 824, ವಿರುದ್ಧ 115.

ಬಾಗಿಲು ತೆರೆಯಿತು. ವಿದ್ಯಾರ್ಥಿಗಳು ಎರಡು ಸಾಲಾಗಿ ದಾರಿ ಬಿಟ್ಟು ನಿಂತಿದ್ದರು. ಆ ನಡುವೆ ಮೇಷ್ಟರು ಬರುತ್ತಿದ್ದಂತೆ ಚಪ್ಪಾಳೆ. ಕೆಲವರ ಕಣ್ಣಲ್ಲಿ ನೀರು. ತರಗತಿಯಲ್ಲಿ ಎಷ್ಟು ಚೆನ್ನಾಗಿ ಪಾಠ ಮಾಡಿದರೂ ಸಿಗದ ಚಪ್ಪಾಳೆ ಅದು. ಸಾವಿಯೊಗೆ ಅಂದು 22 ತುಂಬಿತ್ತು.

ಹತ್ತು ದಿನ ಕಳೆದು ರೀಜೆಂಟರು ಸೇರಿದರು. ಶಿಸ್ತಿನ ಕೊನೆಯ ಅಧಿಕಾರ ನಮ್ಮದೇ ಎಂದರು. ಮಾತಿನ ವಿಷಯದಲ್ಲಿ ಮಾತ್ರ ಸಂವಿಧಾನ ಹೇಳುವ ಮಿತಿಯನ್ನು ದಾಟುವುದಿಲ್ಲ ಎಂದೂ ಸೇರಿಸಿದರು. ಜನವರಿ 4ರಂದು ಸ್ಪ್ರೌಲ್ ಭವನದ ಮೆಟ್ಟಿಲ ಮೇಲೆ ಮೊದಲ ಬಾರಿಗೆ ಅನುಮತಿ ಪಡೆದ ಸಭೆ ನಡೆಯಿತು. 1997ರಲ್ಲಿ ಆ ಮೆಟ್ಟಿಲುಗಳಿಗೆ ಸಾವಿಯೊನ ಹೆಸರಿಟ್ಟರು. ಮೇಷ್ಟರು ಸೇರಿದ ಭವನ ಇಂದಿಗೂ ವೀಲರ್ ಹೆಸರಿನದೇ.