ಮನೆಯ ತಂತಿಜಾಲದ ಮಂದಗತಿ: ಕಾರಣವೂ ಪರೀಕ್ಷಾಕ್ರಮವೂ

ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶ ಕವಿಯ ಊರೆಂದು ಪ್ರಸಿದ್ಧವಾದುದು. ಆ ಕಾವ್ಯದ ಗಮಕವಾಚನವನ್ನು ಇಂದು ಅಂತರ್ಜಾಲದಲ್ಲಿಯೂ ಕೇಳಬಹುದಾಗಿದೆ. ಇಂತಹ ಗ್ರಾಮದ ಮನೆಯಲ್ಲಿ ಸಂಪರ್ಕದ ವೇಗವು ಕುಗ್ಗಿದರೆ ಪಟ್ಟಣದಿಂದ ಕೆಲಸಗಾರನು ಬರುವವರೆಗೆ ಕಾಯಬೇಕಾದೀತು. ಆದಕಾರಣ ದೋಷದ ಸ್ಥಾನವನ್ನು ಗೃಹಸ್ಥನೇ ಅರಿಯುವುದು ಲೇಸು.

ಸೆಕೆಂಡಿಗೆ 300 ಮೆಗಾಬಿಟ್ ವೇಗದ ಸಂಪರ್ಕವಿದ್ದು, ರೂಟರಿಗೆ ಕೇಬಲಿನಿಂದ ಜೋಡಿಸಿದ ಕಂಪ್ಯೂಟರಿನಲ್ಲಿ 94ರಷ್ಟು ಮಾತ್ರವೇ ದೊರೆಯುತ್ತಿದೆಯೆಂದು ಭಾವಿಸೋಣ. ಈ ಸಂಖ್ಯೆಯೇ ದೋಷವನ್ನು ಸೂಚಿಸುತ್ತದೆ. ಹೇಗೆಂದರೆ, ಈಥರ್ನೆಟ್ ಕೇಬಲಿನಲ್ಲಿ ಎಂಟು ತಂತಿಗಳು ನಾಲ್ಕು ಜೊತೆಗಳಾಗಿ ಹೊಸೆದಿರುತ್ತವೆ. 1995ರಲ್ಲಿ ನಿಯತವಾದ 100 ಮೆಗಾಬಿಟ್ಟಿನ ಪದ್ಧತಿಗೆ ಎರಡು ಜೊತೆಗಳೇ ಸಾಕು. 1999ರ 1000 ಮೆಗಾಬಿಟ್ಟಿನ ಪದ್ಧತಿಗೆ ನಾಲ್ಕೂ ಬೇಕು. ಉಳಿದೆರಡು ಜೊತೆಗಳಲ್ಲಿ ಒಂದೇ ತಂತಿ ತುಂಡಾದರೂ ಅನೇಕ ಯಂತ್ರಗಳು 100ಕ್ಕೆ ಇಳಿದು ನಡೆಯುತ್ತವೆ. ಅದರಲ್ಲಿ ಸ್ವಲ್ಪಾಂಶವು ವಿಳಾಸಾದಿ ವಿವರಗಳಿಗೆ ವ್ಯಯವಾಗಿ ಸುಮಾರು 94 ಉಳಿಯುತ್ತದೆ. ಸಂಪರ್ಕವು ಕಡಿಯದಿರುವುದರಿಂದ ದೋಷವು ಮರೆಯಾಗಿರುತ್ತದೆ.

ಪರೀಕ್ಷಾಕ್ರಮವು ಹೀಗೆ. ಮೊದಲು ಕಂಪ್ಯೂಟರು ತೋರಿಸುವ ಜೋಡಣೆಯ ವೇಗವನ್ನು ನೋಡತಕ್ಕದ್ದು. ಅದು 100 ಆಗಿದ್ದರೆ ಕೇಬಲನ್ನೂ, ಬಳಿಕ ರೂಟರಿನ ಪೋರ್ಟನ್ನೂ ಬದಲಿಸತಕ್ಕದ್ದು. ಕೆಲವು ಅಗ್ಗದ ರೂಟರುಗಳ ಪೋರ್ಟುಗಳ ಮಿತಿಯೇ 100 ಎಂಬುದನ್ನು ಮರೆಯಲಾಗದು. ಜೋಡಣೆಯು 1000 ಇದ್ದೂ ವೇಗವು ಮಂದವಾದರೆ, ಮೋಡೆಮ್ ಬೇರೆಯಾಗಿರುವಲ್ಲಿ ಕಂಪ್ಯೂಟರನ್ನು ನೇರವಾಗಿ ಅದಕ್ಕೆ ಜೋಡಿಸಬೇಕು. ಅಲ್ಲಿಯೂ ಮಂದವಾದರೆ ದೋಷವು ಬಹುಶಃ ಹೊರಗಿನದು. ಅಲ್ಲಿ ಪೂರ್ಣವಾದರೆ ರೂಟರಿನದು.

ಒಂದೊಂದಾಗಿ ಬದಲಿಸಿ ನೋಡದೆ ಹೊಸ ರೂಟರನ್ನು ಕೊಂಡರೆ, ಹಣವು ವ್ಯಯವಾಗಿ ಹಳೆಯ ಕೇಬಲಿನ ದೋಷವು ಹಾಗೆಯೇ ಉಳಿದೀತು.