ಒಂದು ಮೀಟರ್ ಗಾಜು, ಎರಡು ಬಾಗಿಲು

ಒಂದು ಮೀಟರ್ ಉದ್ದದ ಗಾಜಿನೆಳೆಯ ಪ್ಯಾಚ್ ಕಾರ್ಡ್‌ನಲ್ಲಿ ‘ಕನ್ನಡ’ ಎಂಬ ಪದ ಹಿಡಿಸುವುದಿಲ್ಲ. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಇಂಟರ್‌ನೆಟ್‌ನಲ್ಲಿ ಈ ಪದ ಹೋಗುವಾಗ ಕ, ನ, ಒತ್ತು ಕೂಡಿಸುವ ಹಲಂತ, ಮತ್ತೊಂದು ನ, ಡ ಎಂದು ಐದು ಸಂಕೇತಗಳಾಗಿ ಒಡೆಯುತ್ತದೆ. ಒಂದೊಂದಕ್ಕೂ ಮೂರು ಬೈಟ್, ಅಂದರೆ 24 ಬಿಟ್. ಒಟ್ಟು 120 ಬಿಟ್. ಸೆಕೆಂಡಿಗೆ ಸಾವಿರ ಕೋಟಿ ಬಿಟ್ ಸಾಗುವ 10 ಗಿಗಾಬಿಟ್ ಲಿಂಕ್‌ನಲ್ಲಿ ಗಾಜಿನೊಳಗೆ ಒಂದು ಬಿಟ್ ಚಾಚಿಕೊಳ್ಳುವ ಉದ್ದ ಎರಡು ಸೆಂಟಿಮೀಟರ್. ಹಾಗಾಗಿ ನಮ್ಮ ಪದದ ಉದ್ದ 2.4 ಮೀಟರ್! ಕೊನೆಯ ‘ಡ’ ಇನ್ನೂ ಕಾರ್ಡ್ ಹೊಕ್ಕಿರುವುದಿಲ್ಲ, ಅಷ್ಟರಲ್ಲಿ ಮೊದಲ ‘ಕ’ ಆಚೆ ತುದಿಯಲ್ಲಿ ಇಳಿದು ಹೋಗಿರುತ್ತದೆ.

ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ನಾವು ಒಮ್ಮೆ ಎವೆಯಿಕ್ಕುವಷ್ಟರಲ್ಲಿ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಅದು ಈ ಒಂದು ಮೀಟರನ್ನು ಎರಡು ಕೋಟಿ ಸಲ ದಾಟಬಲ್ಲದು.

ಟಿ.ವಿ. ಹಿಂದೆ ಸುರುಳಿ ಸುತ್ತಿಕೊಂಡು ಬಿದ್ದಿರುವ ಹಳದಿ ವೈರೇ ಈ ಕಾರ್ಡ್. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಹೊರಗಿನ ಪ್ಲಾಸ್ಟಿಕ್ ಎರಡು ಮೂರು ಮಿಲಿಮೀಟರ್ ದಪ್ಪ. ಅದನ್ನು ಸುಲಿದರೆ ರೇಷ್ಮೆಯಂಥ ಅರಾಮಿಡ್ ನೂಲು. ಗುಂಡು ತಡೆಯುವ ಕವಚಗಳಲ್ಲಿ ಬಳಸುವುದೂ ಇದನ್ನೇ. ವೈರ್ ಜಗ್ಗಿದರೆ ಆ ಎಳೆತವನ್ನು ಗಾಜಿಗೆ ತಟ್ಟದಂತೆ ತಾನು ತಾಳಿಕೊಳ್ಳುತ್ತದೆ. ಅದರೊಳಗೆ ಮತ್ತೆ ಪದರ, ಮತ್ತೆ ಪದರ. ಕೊನೆಗೆ 125 ಮೈಕ್ರಾನ್ ದಪ್ಪದ ಗಾಜಿನ ಎಳೆ. ಬೆಳಕು ಅಷ್ಟರಲ್ಲೂ ಓಡುವುದಿಲ್ಲ, ಅದರ ನಟ್ಟನಡುವಿನ 9 ಮೈಕ್ರಾನ್‌ನ ತಿರುಳಿನಲ್ಲಿ ಓಡುತ್ತದೆ. ನಮ್ಮ ರಕ್ತದ ಕೆಂಪು ಕಣ ಏಳೆಂಟು ಮೈಕ್ರಾನ್. ಎರಡು ಕೆಂಪು ಕಣಗಳು ಅಕ್ಕಪಕ್ಕ ಕೂರಲಾಗದ ಜಾಗ ಅದು.

ಈ ಗಾಜು ಎಷ್ಟು ತಿಳಿಯಾದದ್ದು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ ಗಾಜಿನ ಎಳೆಯಲ್ಲಿ ಮಾತು ಕಳಿಸಬಹುದು ಎಂದು ಪ್ರಬಂಧ ಬರೆದಾಗ, ಒಳ್ಳೆಯ ಗಾಜಿನಲ್ಲೂ ಬೆಳಕು ಇಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ನೂರಕ್ಕೆ ಒಂದು ಪಾಲು ಉಳಿಯುತ್ತಿತ್ತು. ಒಂದು ಕಿಲೋಮೀಟರ್ ಹೋದ ಮೇಲೂ ಆ ಒಂದು ಪಾಲು ಉಳಿದರೆ ಸಾಕು, ಕೆಲಸ ಆದೀತು ಎಂಬುದು ಅವರ ಗುರಿ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅದನ್ನು ಮುಟ್ಟಿತು. ಇವತ್ತಿನ ಎಳೆಯಲ್ಲಿ ಅದೇ ಒಂದು ಪಾಲು ನೂರು ಕಿಲೋಮೀಟರ್ ಆಚೆಗೂ ಉಳಿಯುತ್ತದೆ. ಬೆಂಗಳೂರಿನಲ್ಲಿ ಹಚ್ಚಿದ ದೀಪವನ್ನು ಮಂಡ್ಯದಲ್ಲಿ ನಿಂತು ಗಾಜಿನ ಮೂಲಕವೇ ಕಂಡ ಹಾಗೆ. ಕಾವ್ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ.

ಹೀಗಿರುವಾಗ ಒಂದು ಮೀಟರ್ ಕಾರ್ಡ್‌ನಲ್ಲಿ ಏನು ತಾನೇ ಸೋರೀತು? 1,310 ನ್ಯಾನೊಮೀಟರ್ ಅಲೆಯುದ್ದದ ಒಂದು ಲಕ್ಷ ಬೆಳಕಿನ ಕಣಗಳನ್ನು ಒಳಗೆ ಬಿಟ್ಟರೆ, ಆ ಒಂದು ಮೀಟರ್ ಗಾಜು ನುಂಗುವುದು ಬರೀ ಎಂಟನ್ನು. ಆದರೆ ತುದಿಯ ಕನೆಕ್ಟರ್ ಇನ್ನೊಂದು ಕನೆಕ್ಟರನ್ನು ಕೂಡುವ ಜಾಗದಲ್ಲಿ 0.3 ಡೆಸಿಬಲ್ ನಷ್ಟ ಮಾಮೂಲು. ಅಂದರೆ ಅದೇ ಲಕ್ಷದಲ್ಲಿ ಆರು ಸಾವಿರದ ಏಳುನೂರರಷ್ಟು ಕಣಗಳು ಅಲ್ಲಿಯೇ ಹೋದವು. ದಾರಿಯ ಸುಂಕ ಎಂಟು, ಬಾಗಿಲ ಸುಂಕ ಆರೂ ಮುಕ್ಕಾಲು ಸಾವಿರ! ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ಸೊನ್ನೆ ತಪ್ಪಿರಬೇಕೆಂದು ಮತ್ತೆ ಮತ್ತೆ ಗುಣಿಸಿದೆ. ತಪ್ಪಿರಲಿಲ್ಲ.

ಗಿಡ್ಡ ಕಾರ್ಡ್‌ಗಳ ಲೋಕವೆಂದರೆ ಬಾಗಿಲುಗಳ ಲೋಕ. ಅಮೆರಿಕದ ಓಕ್ ರಿಡ್ಜ್‌ನ ಫ್ರಾಂಟಿಯರ್ ಸೂಪರ್‌ಕಂಪ್ಯೂಟರ್‌ನಲ್ಲಿ 74 ಕ್ಯಾಬಿನೆಟ್‌ಗಳ ನಡುವೆ ಹಾಸಿರುವ ಕೇಬಲ್, ತಾಮ್ರ ಗಾಜು ಎರಡೂ ಸೇರಿ, 145 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗಿರುವ ದಾರಿಯನ್ನು ತುಂಡು ತುಂಡು ಮಾಡಿ ಒಂದೇ ಕಟ್ಟಡದಲ್ಲಿ ತುಂಬಿದಂತೆ. ಒಂದೊಂದು ತುಂಡಿಗೂ ಎರಡೆರಡು ತುದಿ.

ಆ ತುದಿಯಲ್ಲಿರುವುದು ಫೆರೂಲ್ ಎಂಬ ಬಿಳಿ ಪಿಂಗಾಣಿ ಕಡ್ಡಿ. ಜಿರ್ಕೋನಿಯಾದಿಂದ ಮಾಡಿದ್ದು, ಅಂಗಡಿಯಲ್ಲಿ ಸಿಗುವ ಅಮೆರಿಕನ್ ಡೈಮಂಡ್‌ನ ಮೂಲವಸ್ತುವೂ ಅದೇ. ಮನೆಗಳಲ್ಲಿ ಕಾಣುವ ಎಸ್‌ಸಿ ಕನೆಕ್ಟರ್‌ನಲ್ಲಿ ಅದರ ಅಗಲ 2.5 ಮಿಲಿಮೀಟರ್. ಬೆಳಕಿನ ತಿರುಳನ್ನು ಒಂದು ಗೋಲಿಯಷ್ಟು ದೊಡ್ಡದು ಮಾಡಿಕೊಳ್ಳಿ. ಆಗ ಫೆರೂಲ್‌ನ ಮುಖ ಅಂಗಳದಲ್ಲಿ ಬಿಡಿಸಿದ ನಾಲ್ಕು ಮೀಟರ್ ಅಗಲದ ರಂಗೋಲಿ. ಅಂಥ ಎರಡು ರಂಗೋಲಿಗಳನ್ನು ಮುಖಾಮುಖಿ ಒತ್ತಬೇಕು, ನಡುವಿನ ಗೋಲಿಗೆ ಗೋಲಿ ಸರಿಯಾಗಿ ಕೂರಬೇಕು. ಮೂರು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ನೂರಕ್ಕೆ ಹದಿನೈದರಷ್ಟು ಬೆಳಕು ಹೋಯಿತು. ನಿಜದ ಅಳತೆಯಲ್ಲಿ ಅದು ಎರಡು ಮೈಕ್ರಾನ್.

ನಡುವೆ ಗಾಳಿಯೂ ಇರಕೂಡದು. ಅದಕ್ಕೇ ಮುಖವನ್ನು ಚಪ್ಪಟೆ ಬಿಡದೆ ತುಸು ಉಬ್ಬಾಗಿ ಉಜ್ಜಿ ನಯಮಾಡುತ್ತಾರೆ; ಒಳಗಿನ ಸ್ಪ್ರಿಂಗ್ ಸುಮಾರು ಒಂದು ಕಿಲೋ ತೂಕದ ಬಲದಲ್ಲಿ ಗಾಜನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ. ಹಸಿರು ಕನೆಕ್ಟರ್‌ನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಅಲ್ಲಿ ಪುಟಿದ ಬೆಳಕು ಬಂದ ದಾರಿಗೆ ಮರಳದೆ ಪಕ್ಕಕ್ಕೆ ಚದುರುತ್ತದೆ, ಹತ್ತು ಲಕ್ಷಕ್ಕೆ ಒಂದು ಕಣ ಹಿಂದಿರುಗಿದರೆ ಹೆಚ್ಚು. ನೀಲಿಯದು ನೇರ ಮುಖ. ಹಸಿರನ್ನು ನೀಲಿಗೆ ಚುಚ್ಚಿದರೆ ಓರೆ ಮುಖಕ್ಕೆ ನೇರ ಮುಖ ಎದುರಾಗಿ ನಡುವೆ ಸಂದಿ ಉಳಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕಳೆದ ಯುಗಾದಿಗೆ ಮನೆ ಗುಡಿಸುವಾಗ ನಮ್ಮಲ್ಲಿ ಯಾರೋ ಹಸಿರು ಕನೆಕ್ಟರ್ ಕಿತ್ತು, ಒರೆಸಿ, ಮತ್ತೆ ಚುಚ್ಚಿದ್ದರು. ಅಂದಿನಿಂದ ಇಂಟರ್‌ನೆಟ್ ಪೆಟ್ಟಿಗೆಯ ಕೆಂಪು ದೀಪ ಆಗಾಗ ಮಿಣುಕತೊಡಗಿತು. ದುರಸ್ತಿಗೆ ಬಂದ ಹುಡುಗ ಪೆಟ್ಟಿಗೆಯ ಕಡೆಯ ತುದಿ ಬಿಚ್ಚಿ, ನಾವು ಕಿತ್ತು ಚುಚ್ಚಿದ್ದ ಕೂಡುಬಾಯಿಯ ಈಚೆಗೆ ಪವರ್ ಮೀಟರ್ ಹಿಡಿದ. ಮೈನಸ್ 28. ಒಂದು ವ್ಯಾಟ್ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲಷ್ಟು ಬೆಳಕು. “ಲೈಟ್ ಬರ್ತಾ ಇದೆ ಸಾರ್, ಆದ್ರೆ ಲಾಸ್ ಜಾಸ್ತಿ,” ಎಂದ. ನಾನು ತುದಿಯತ್ತ ಬೆರಳು ಚಾಚಿದೆ. “ಮುಟ್ಬೇಡಿ ಸಾರ್, ಕೈಯೆಣ್ಣೆ ಸಾಕು. ಕಣ್ಣಿಟ್ಟೂ ನೋಡ್ಬೇಡಿ.”

ಆಮೇಲೆ ಆ ಕೂಡುಬಾಯಿಯ ಕನೆಕ್ಟರ್ ಕಿತ್ತು, ಬ್ಯಾಗಿನಿಂದ ಅಂಗೈಯಗಲದ ಸೂಕ್ಷ್ಮದರ್ಶಕ ತೆಗೆದು ತೋರಿಸಿದ. ನಾನೂರು ಪಟ್ಟು ಹಿಗ್ಗಿದ ಗಾಜು ಬೂದು ಬಣ್ಣದ ಬಿಲ್ಲೆಯಂತೆ ಕಂಡಿತು. ಅದರ ಮೇಲೆ ಒರೆಸಿದ ಬಟ್ಟೆಯ ಗೀರು, ಜಿಡ್ಡು, ನಟ್ಟನಡುವೆ ಒಂದು ಕಪ್ಪು ಚುಕ್ಕೆ. ತಿರುಳೇ 9 ಮೈಕ್ರಾನ್ ಇರುವಾಗ ಒಂದು ಮೈಕ್ರಾನ್‌ನ ಧೂಳೂ ನೂರಕ್ಕೆ ಒಂದು ಪಾಲನ್ನು ಮರೆಮಾಡುತ್ತದೆ. ಇದು ಅದಕ್ಕಿಂತ ಎಷ್ಟೋ ದೊಡ್ಡದಿತ್ತು. ಪೆನ್ನಿನಂಥ ಕ್ಲೀನರನ್ನು ತುದಿಗೆ ಒತ್ತಿದ. ಒಳಗಿನ ಒಣ ನೂಲು ಒಂದು ಸುತ್ತು ತಿರುಗಿ ಟಕ್ ಎಂದಿತು. ಎದುರಿನ ಮುಖಕ್ಕೂ ಒಮ್ಮೆ.

ಮೀಟರ್ ಈಗ ಮೈನಸ್ 19 ತೋರಿಸಿತು. ಎಂಟು ಪಟ್ಟು ಬೆಳಕು. ಬೆಂಗಳೂರಿನಿಂದ ಬಿಡದಿ ದಾಟುವಷ್ಟು ಉದ್ದದ ಗಾಜು ಕುಡಿಯಬೇಕಾದದ್ದನ್ನು ಆ ಒಂದು ಕೊಳೆ ಕುಡಿದು ಕೂತಿತ್ತು. ಮನೆಗೆ ಬರುವ ಆ ಎಳೆಯಲ್ಲಿ ಸೆಕೆಂಡಿಗೆ ಸುಮಾರು 250 ಕೋಟಿ ಬಿಟ್ ಇಳಿಯುತ್ತವೆ. ಅವನು ಬರುವ ಮುನ್ನ ಬಿಟ್ ಒಂದಕ್ಕೆ ಐದು ಸಾವಿರದಷ್ಟು ಬೆಳಕಿನ ಕಣಗಳು ದಕ್ಕುತ್ತಿದ್ದವು. ಕ್ಲೀನರಿಗೆ ಮುಚ್ಚಳ ಹಾಕಿ ಅವನು ಎದ್ದಾಗ ಮೂವತ್ತೆಂಟು ಸಾವಿರ ದಕ್ಕುತ್ತಿದ್ದವು.